ಬಾಲ್ಯದ ಹತ್ತು ಪ್ರಶ್ನೆಗಳಲ್ಲಿ ನನಗೆ ಆರು ಅಂಕ ಬಂದಿದೆ. ಇದು ಜೀವನಪೂರ್ತಿ ಹೀಗೇ ಇರುತ್ತಾ?

ಬಯಲುಸೀಮೆಯವ

ನಮಸ್ಕಾರ. ಇಲ್ಲಿ ಬರೀ ಓದಿಕೊಂಡು ಇದ್ದವನು ನಾನು. ಇವತ್ತು ಒಂದು ವಿಷಯ ಕೇಳಬೇಕು.

ವಾಟ್ಸಾಪ್‌ನಲ್ಲಿ ಗೆಳೆಯನೊಬ್ಬ ಹತ್ತು ಪ್ರಶ್ನೆಗಳ ಪಟ್ಟಿ ಕಳಿಸಿದ. 18 ತುಂಬುವ ಮೊದಲು ಮನೆಯಲ್ಲಿ ಯಾರಾದರೂ ವಿಪರೀತ ಕುಡಿಯುತ್ತಿದ್ದರಾ, ಅಮ್ಮನಿಗೆ ಏಟು ಬೀಳುತ್ತಿತ್ತಾ, ನನ್ನನ್ನು ಕೇಳುವವರೇ ಇಲ್ಲ ಅನ್ನಿಸುತ್ತಿತ್ತಾ, ಈ ಥರ. ಒಂದು ಹೌದಿಗೆ ಒಂದು ಅಂಕ. ನನಗೆ ಆರು ಬಂತು. ನಾಲ್ಕು ದಾಟಿದರೆ ಖಿನ್ನತೆ, ಕುಡಿತ, ಹೃದಯದ ಕಾಯಿಲೆ ಎಲ್ಲದರ ಅಪಾಯ ಜಾಸ್ತಿ ಅಂತ ಕೆಳಗೆ ಕೆಂಪು ಅಕ್ಷರದಲ್ಲಿ ಇತ್ತು.

ನಮ್ಮಪ್ಪ ಕುಡಿಯುತ್ತಿದ್ದರು. ರಾತ್ರಿ ಗೇಟಿನ ಚಿಲಕ ತೆಗೆಯುವ ಸದ್ದಿನಲ್ಲೇ ಅವತ್ತು ಏನು ಕಾದಿದೆ ಅಂತ ನನಗೂ ತಂಗಿಗೂ ಗೊತ್ತಾಗುತ್ತಿತ್ತು. ಒಂದೇ ಸಲಕ್ಕೆ ಚಿಲಕ ಸರಿದರೆ ಉಂಡು ಮಲಗುತ್ತಾರೆ. ತಡಕಾಡಿದ ಸದ್ದು ಬಂದರೆ ನಾವು ಪುಸ್ತಕ ಮುಚ್ಚಿ, ಲೈಟ್ ಆರಿಸಿ, ನಿದ್ದೆ ಬಂದವರ ಹಾಗೆ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದೆವು. ಈಗ ನನಗೆ 36. ಆಫೀಸಿನಲ್ಲಿ ಮ್ಯಾನೇಜರ್ ಲ್ಯಾಪ್‌ಟಾಪ್ ಸ್ವಲ್ಪ ಜೋರಾಗಿ ಮುಚ್ಚಿದರೂ ಹೊಟ್ಟೆಯಲ್ಲಿ ಅದೇ ಸಂಕಟ. ಮನೆಯಲ್ಲಿ ಹೆಂಡತಿ ದನಿ ಏರಿಸಿದರೆ ನಾನು ಬಾಯಿ ಹೊಲಿದುಕೊಂಡು ಕೂರುತ್ತೇನೆ, ಎರಡು ದಿನ ಮಾತೇ ಹೊರಡುವುದಿಲ್ಲ.

ಅವಳಿಗೀಗ ಏಳು ತಿಂಗಳು. ನನ್ನ ಭಯ ಅದೇ. ಇದು ಹುಟ್ಟುವ ಮಗುವಿಗೂ ದಾಟುತ್ತಾ?

ಹಳೇ_ಮೇಷ್ಟ್ರು

ಇದೆಲ್ಲ ಈಗಿನ ಕಾಲದ ಫ್ಯಾಷನ್. ನಮ್ಮ ಮನೆಯಲ್ಲಿ ಏಳು ಮಕ್ಕಳು. ಬಾಗಿಲ ಹಿಂದೆ ಹುಣಸೆ ಬರಲು ಸದಾ ಇರುತ್ತಿತ್ತು. ಯಾರೂ ಡಾಕ್ಟರ ಹತ್ತಿರ ಹೋಗಲಿಲ್ಲ, ಎಲ್ಲರೂ ಮದುವೆ ಆಗಿ, ಮನೆ ಕಟ್ಟಿ ಚೆನ್ನಾಗಿದ್ದೇವೆ. ಅಂಕ ಗಿಂಕ ಎಲ್ಲ ಬಿಟ್ಟು ಬೆಳಗ್ಗೆ ವಾಕಿಂಗ್ ಹೋಗಿ.

ಜೋಗದ_ಸಿರಿ

ಮೇಷ್ಟ್ರೇ, ಆ ಏಳು ಜನರಲ್ಲಿ ಈಗ ಎಷ್ಟು ಜನ ಒಬ್ಬರ ಜೊತೆ ಒಬ್ಬರು ಮಾತಾಡ್ತೀರಿ? ಸುಮ್ನೆ ಕೇಳಿದೆ.

ತುಂಗಾತೀರ

ನಾನು ಆಪ್ತಸಮಾಲೋಚನೆ ಕೆಲಸ ಮಾಡುವವಳು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಆ ಪಟ್ಟಿ ಹುಟ್ಟಿದ್ದು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ. ಅಲ್ಲಿ ವಿನ್ಸೆಂಟ್ ಫೆಲಿಟಿ ಅನ್ನುವ ವೈದ್ಯರು 1980ರ ದಶಕದಲ್ಲಿ ಬೊಜ್ಜು ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಮಧ್ಯದಲ್ಲಿ ಬಿಟ್ಟು ಹೋಗುತ್ತಿದ್ದರು. ಯಾಕೆ ಅಂತ ಕೂರಿಸಿ ಕೇಳಿದಾಗ ಅವರಲ್ಲಿ ಎಷ್ಟೋ ಜನ ಚಿಕ್ಕಂದಿನ ಲೈಂಗಿಕ ದೌರ್ಜನ್ಯದ ಕಥೆ ಹೇಳಿದರು. ಆಮೇಲೆ ಫೆಲಿಟಿ ಮತ್ತು ರಾಬರ್ಟ್ ಆಂಡಾ ಸೇರಿ 17,000ಕ್ಕೂ ಹೆಚ್ಚು ಜನರ ಬಾಲ್ಯದ ಬಗ್ಗೆ ವಿಚಾರಿಸಿದರು. ಮೊದಲ ವರದಿ 1998ರಲ್ಲಿ ಬಂತು. ಮೂವರಲ್ಲಿ ಇಬ್ಬರಿಗೆ ಕನಿಷ್ಠ ಒಂದು ಅಂಕ ಇತ್ತು. ಎಂಟರಲ್ಲಿ ಒಬ್ಬರಿಗೆ ನಾಲ್ಕೋ ಅದಕ್ಕಿಂತ ಜಾಸ್ತಿಯೋ ಇತ್ತು. ಇವರಲ್ಲಿ ಖಿನ್ನತೆಯ ಸಾಧ್ಯತೆ, ಸೊನ್ನೆ ಅಂಕದವರಿಗಿಂತ ನಾಲ್ಕು ಪಟ್ಟಿಗೂ ಮೇಲೆ.

ಕೆಂಪು ಅಕ್ಷರದ ಎಚ್ಚರಿಕೆ ಬಂದಿದ್ದು ಇಲ್ಲಿಂದ. ಆದರೆ ಅದು ಗುಂಪಿನ ಲೆಕ್ಕ. ಸಾವಿರ ಜನರಲ್ಲಿ ಎಷ್ಟು ಮಂದಿಗೆ ತೊಂದರೆ ಆಗಬಹುದು ಅಂತ ಹೇಳುತ್ತೆ, ಅವರಲ್ಲಿ ನೀವು ಒಬ್ಬರಾ ಅಂತ ಹೇಳುವುದಿಲ್ಲ. ಒಬ್ಬೊಬ್ಬರನ್ನು ಅಳೆಯಲು ಈ ಅಂಕ ಬಳಸಬೇಡಿ ಅಂತ 2020ರಲ್ಲಿ ಖುದ್ದು ಆಂಡಾ ಅವರೇ ಬರೆದರು. ಒಂದು ಸಲ ನಡೆದದ್ದಕ್ಕೂ ಹತ್ತು ವರ್ಷ ದಿನಾ ನಡೆದದ್ದಕ್ಕೂ ಅದರಲ್ಲಿ ಒಂದೇ ಅಂಕ. ಆಗ ನಿಮಗೆ ಎಷ್ಟು ವಯಸ್ಸು, ಪಕ್ಕದಲ್ಲಿ ಯಾರಿದ್ದರು, ಯಾವುದನ್ನೂ ಕೇಳುವುದಿಲ್ಲ. ನೀವು ಅದನ್ನು ಜಾತಕದ ಹಾಗೆ ಓದುತ್ತಿದ್ದೀರಿ.

ಇನ್ನು ಚಿಲಕದ ವಿಷಯ. ನಿಮ್ಮ ಮೈ ಆಗ ಕಲಿತದ್ದು ಸರಿಯಾದ ಪಾಠವೇ. ಆ ಮನೆಯಲ್ಲಿ ಆ ಕಿವಿ ಬೇಕಿತ್ತು, ತಂಗಿಯನ್ನೂ ಕಾಪಾಡಿತು. ಅಪಾಯದ ಸುಳಿವು ಸಿಕ್ಕ ತಕ್ಷಣ ಎದೆಬಡಿತ ಏರಿಸುವ, ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನು ಹರಿಸುವ ವ್ಯವಸ್ಥೆ ಎಲ್ಲರಲ್ಲೂ ಇದೆ. ಚಿಕ್ಕ ವಯಸ್ಸಿನಲ್ಲಿ ಅದಕ್ಕೆ ವಿರಾಮವೇ ಸಿಗದಿದ್ದರೆ, ಸಣ್ಣ ಸದ್ದಿಗೂ ಎದ್ದು ನಿಲ್ಲುವುದು ಅದಕ್ಕೆ ರೂಢಿಯಾಗುತ್ತೆ. ಮನೆ ಬದಲಾಗಿದೆ, ಮೈಗೆ ಅದು ಇನ್ನೂ ಗೊತ್ತಾಗಿಲ್ಲ. ಅದಕ್ಕೆ ಗೊತ್ತು ಮಾಡಿಸಬಹುದು, ನಿಧಾನ ಅಷ್ಟೇ.

ನಿದ್ದೆಗೆಟ್ಟವಳು

ಅಂಕದ ಮೇಲೆ ಇಷ್ಟು ಸಿಟ್ಟು ಯಾಕೆ? ನನಗೆ ಅದು ನೋಡಿ ಸಮಾಧಾನ ಆಯಿತು. ನಮ್ಮ ಮನೆಯಲ್ಲಿ ಎಲ್ಲರೂ 'ಇವಳದ್ದು ಮೊದಲಿಂದಲೂ ಸಿಡುಕು ಸ್ವಭಾವ' ಅಂತಲೇ ಹೇಳಿಕೊಂಡು ಬಂದರು. ನನಗೂ ಹಾಗೇ ಅನ್ನಿಸಿತ್ತು. ಸ್ವಭಾವ ಒಂದೇ ಅಲ್ಲ, ಇದಕ್ಕೆ ಕಾರಣ ಇದೆ ಅಂತ ಮೊದಲ ಸಲ ಯಾರೋ ಹೇಳಿದ ಹಾಗಾಯಿತು.

ತುಂಗಾತೀರ

ಒಪ್ಪಿದೆ. ಹಾಗೆ ಉಪಯೋಗಕ್ಕೆ ಬಂದರೆ ತಕರಾರಿಲ್ಲ.

ಕರಿಮಣ್ಣು

ನನಗೆ ಆ ಪಟ್ಟಿಯಲ್ಲಿ ಸೊನ್ನೆ. ಅಪ್ಪ ಅಮ್ಮ ಚಿನ್ನದಂಥವರು. ಕುಡಿತ ಇಲ್ಲ, ಹೊಡೆತ ಇಲ್ಲ. ಆದರೆ ಶಾಲೆಯಲ್ಲಿ ನಾವು ಮೂವರು ಹುಡುಗರು ಬೊಗಸೆ ಒಡ್ಡಿ ನಿಲ್ಲಬೇಕಿತ್ತು, ನೀರು ಮೇಲಿಂದ ಹುಯ್ಯುತ್ತಿದ್ದರು. ಲೋಟ ಮುಟ್ಟುವ ಹಾಗಿಲ್ಲ. ನೀರು ಮೊಣಕೈವರೆಗೆ ಇಳಿದು ಅಂಗಿ ತೋಯುತ್ತಿತ್ತು, ತರಗತಿಗೆ ಹಿಂದಿರುಗಿದರೆ ಯಾರು ಹೇಗೆ ನೀರು ಕುಡಿದು ಬಂದರು ಅಂತ ಎಲ್ಲರಿಗೂ ಕಾಣುತ್ತಿತ್ತು. ಮಧ್ಯಾಹ್ನ ಪೂರ್ತಿ ತೋಳು ಮಡಚಿಕೊಂಡು ಕೂರುತ್ತಿದ್ದೆ.

ಈಗ ಒಳ್ಳೆಯ ಕೆಲಸದಲ್ಲಿದ್ದೇನೆ. ಮೀಟಿಂಗ್‌ನಲ್ಲಿ ಟೇಬಲ್ ಮೇಲಿನ ನೀರಿನ ಬಾಟಲಿಗೆ ಬೇರೆಯವರು ಕೈ ಹಾಕುವವರೆಗೆ ನಾನು ಕೈ ಹಾಕುವುದಿಲ್ಲ. ಇದು ಆ ಹತ್ತರಲ್ಲಿ ಎಲ್ಲಿದೆ ಸ್ವಾಮಿ? ಮನೆಯೊಳಗೆ ನಡೆದದ್ದು ಮಾತ್ರ ಬಾಲ್ಯವಾ? ಊರು ಮಾಡಿದ್ದು ಲೆಕ್ಕಕ್ಕಿಲ್ವಾ?

ತುಂಗಾತೀರ

ಲೆಕ್ಕಕ್ಕಿದೆ. ನೀವು ಹೇಳಿದ ಕೊರತೆ ನಿಜ. ಸ್ಯಾನ್ ಡಿಯಾಗೋದಲ್ಲಿ ಉತ್ತರ ಕೊಟ್ಟವರು ಹೆಚ್ಚಿನವರು ಬಿಳಿಯರು, ಕಾಲೇಜು ಮೆಟ್ಟಿಲು ಹತ್ತಿದವರು, ಆರೋಗ್ಯ ವಿಮೆ ಇದ್ದವರು. ಅವರ ಬದುಕಿನಲ್ಲಿ ಕಂಡದ್ದನ್ನೇ ಕೇಳಿದರು. ಮುಂದೆ ಫಿಲಡೆಲ್ಫಿಯಾದಲ್ಲಿ ಇದೇ ಥರ ಸಮೀಕ್ಷೆ ಮಾಡಿದಾಗ ವರ್ಣಭೇದ, ಬೀದಿಯ ಹಿಂಸೆ, ಶಾಲೆಯ ಪೀಡನೆ ಸೇರಿಸಿದರು. ಪರವೂರಿನ ಪಟ್ಟಿಗೆ ಜಾತಿ ಹೊಳೆಯಲಿಲ್ಲ. ಅದನ್ನು ಸೇರಿಸಬೇಕಾದವರು ನಾವು.

ಚಾಮುಂಡಿಬೆಟ್ಟ

ಇಲ್ಲಿನದೇ ಒಂದು ವಿಷಯ ಹೇಳ್ತೀನಿ. ಮೈಸೂರಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಗೊತ್ತಲ್ವಾ? ಅಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲ ಬರೆದಿಟ್ಟಿದ್ದರು. ಆಮೇಲೆ ಸಂಶೋಧಕರು ಆ ಕಡತ ಹಿಡಿದುಕೊಂಡು, ಅಷ್ಟರಲ್ಲಿ ನಡುವಯಸ್ಸು ದಾಟಿದ್ದ ಅದೇ ಮಕ್ಕಳನ್ನು ಊರಲ್ಲಿ ಹುಡುಕಿದರು. 517 ಜನರನ್ನು ಪರೀಕ್ಷೆ ಮಾಡಿ 1996ರಲ್ಲಿ ಪ್ರಕಟಿಸಿದರು. ಹುಟ್ಟುವಾಗ ಸಣ್ಣದಿದ್ದವರಲ್ಲಿ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಜಾಸ್ತಿ ಕಂಡಿತು, ಅದರಲ್ಲೂ ತಾಯಿಯ ತೂಕ ಕಡಿಮೆ ಇದ್ದ ಕಡೆ. ಹಾಗಾಗಿ ಬಾಲ್ಯ ಅಂದರೆ ಮಗು ನಡೆಯಲು ಕಲಿತ ಮೇಲಿನದು ಮಾತ್ರ ಅಲ್ಲ. ಬಸುರಿ ಹೆಂಗಸಿನ ತಟ್ಟೆಯಿಂದಲೇ ಶುರು. ಬಯಲುಸೀಮೆಯವರೇ, ಅಂಕದ ಚಿಂತೆ ಬಿಟ್ಟು ಮನೆಯವರು ಚೆನ್ನಾಗಿ ಉಣ್ಣುತ್ತಿದ್ದಾರಾ ನೋಡಿ.

ಬಯಲುಸೀಮೆಯವ

ಉಣ್ಣುತ್ತಿದ್ದಾಳೆ. ನನ್ನ ಪಾಲಿನದೂ ಸೇರಿ.

ಕಾಯುತ್ತಿರುವ_ಅಮ್ಮ

ನನ್ನ ಪ್ರಶ್ನೆ ಬೇರೆ. ನಾವು ಕಾರಾ (ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಮೂಲಕ ದತ್ತು ತೆಗೆದುಕೊಳ್ಳಲು ಹೆಸರು ಬರೆಸಿದ್ದೇವೆ. ಮೂರು ನಾಲ್ಕು ವರ್ಷದ ಮಗುವಾದರೂ ಸರಿ ಅಂತ ನಾವು ಅಂದುಕೊಂಡಿದ್ದೇವೆ. ನೆಂಟರು ಒಂದೇ ಸಮನೆ ಹೆದರಿಸುತ್ತಾರೆ. ಎರಡು ವರ್ಷದೊಳಗೆ ಎಲ್ಲ ತೀರ್ಮಾನ ಆಗಿಬಿಡುತ್ತೆ, ಆಮೇಲೆ ಬಂದ ಮಗು ಹತ್ತಿರ ಆಗುವುದಿಲ್ಲ ಅಂತ. ಯಾವುದೋ ರೊಮೇನಿಯಾದ ವಿಡಿಯೋ ಬೇರೆ ಕಳಿಸಿದ್ದಾರೆ.

ತುಂಗಾತೀರ

ಆ ವಿಡಿಯೋದ ಹಿಂದಿನ ಕಥೆ ಪೂರ್ತಿ ಕೇಳಿ.

ರೊಮೇನಿಯಾದ ಸರ್ವಾಧಿಕಾರಿ ಚೌಷೆಸ್ಕು 1966ರಲ್ಲಿ ಗರ್ಭಪಾತ ನಿಷೇಧಿಸಿದ. ಜನಸಂಖ್ಯೆ ಏರಬೇಕು ಅಂತ. ಸಾಕಲಾಗದವರು ಮಕ್ಕಳನ್ನು ಸರ್ಕಾರಿ ಆಶ್ರಮಗಳಿಗೆ ಬಿಟ್ಟರು. 1989ರಲ್ಲಿ ಅವನು ಬಿದ್ದಾಗ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಊಟ ಇತ್ತು ಎನ್ನಬಹುದು, ಎತ್ತಿಕೊಳ್ಳುವ ಕೈ ಇರಲಿಲ್ಲ. ಸಾಲು ತೊಟ್ಟಿಲುಗಳು, ಹತ್ತಾರು ಮಕ್ಕಳಿಗೆ ಒಬ್ಬ ಆಯಾ, ಅವಳೂ ಪಾಳಿ ಮುಗಿದರೆ ಬದಲು. ಅತ್ತರೂ ಯಾರೂ ಬರುವುದಿಲ್ಲ ಅಂತ ಗೊತ್ತಾಗಿ ಅಳುವುದನ್ನೇ ಬಿಟ್ಟ ಮಕ್ಕಳು.

2000ದಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಅನ್ನುವ ಮೂವರು ಬುಕಾರೆಸ್ಟ್‌ನಲ್ಲಿ 136 ಮಕ್ಕಳ ಅಧ್ಯಯನ ಶುರು ಮಾಡಿದರು. ಚೀಟಿ ಎತ್ತಿ ಅರ್ಧ ಮಕ್ಕಳನ್ನು ಸಾಕು ಮನೆಗಳಿಗೆ ಕಳಿಸಿದರು. ಉಳಿದ ಅರ್ಧದ ಪಾಡು ಓದಿದರೆ ನನಗೆ ಈಗಲೂ ಸಂಕಟ ಆಗುತ್ತೆ, ಆ ವಿಷಯಕ್ಕೆ ಇಲ್ಲಿ ಕೈ ಹಾಕುವುದಿಲ್ಲ. ಸಾಕು ಮನೆಗೆ ಹೋದ ಮಕ್ಕಳಲ್ಲಿ ಒಬ್ಬರನ್ನು ಹಚ್ಚಿಕೊಳ್ಳುವ ಶಕ್ತಿ ಮರಳಿತು, ಆತಂಕ, ಖಿನ್ನತೆ ಕಡಿಮೆ ಕಂಡಿತು. ಎರಡು ವರ್ಷದೊಳಗೆ ಹೋದವರಿಗೆ ಹೆಚ್ಚು ಲಾಭ, ಇದು ನಿಜ. ನಿಮ್ಮ ನೆಂಟರು ಹಿಡಿದುಕೊಂಡಿರುವುದು ಇದೊಂದು ಸಾಲನ್ನು. ತಡವಾಗಿ ಹೋದವರಿಗೆ ಏನೂ ಸಿಗಲಿಲ್ಲ ಅಂತ ಅದರ ಅರ್ಥ ಅಲ್ಲ.

ಮೈಕಲ್ ರಟ್ಟರ್ ಅವರ ತಂಡ ಇಂಗ್ಲೆಂಡಿಗೆ ದತ್ತು ಬಂದ 165 ರೊಮೇನಿಯಾ ಮಕ್ಕಳನ್ನು ದೊಡ್ಡವರಾಗುವವರೆಗೂ ಗಮನಿಸಿತು. ಆರು ತಿಂಗಳೊಳಗೆ ಬಂದವರು ಇತರ ದತ್ತು ಮಕ್ಕಳ ಹಾಗೇ ಬೆಳೆದರು. ಆಮೇಲೆ ಬಂದವರಲ್ಲಿ ಬಹಳ ಜನರಿಗೆ ತೊಂದರೆ ಉಳಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವರಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ ಯಾವ ತೊಂದರೆಯೂ ಕಾಣಲಿಲ್ಲ.

ಮತ್ತೆ, ಅದು ಅತಿ ಕ್ರೂರ ಪರಿಸ್ಥಿತಿ. ನಿಮಗೆ ಸಿಗುವ ಮಗುವಿನ ಹಿನ್ನೆಲೆ ಅದೇ ಅಂತ ಮೊದಲೇ ಅಂದುಕೊಳ್ಳಬೇಡಿ. ಮಗು ಈಗ ಇರುವ ಕಡೆ ಎಷ್ಟು ಮಕ್ಕಳಿಗೆ ಒಬ್ಬ ಆಯಾ, ಆಕೆ ಎಷ್ಟು ಕಾಲದಿಂದ ಇದ್ದಾರೆ, ಮಗು ಬಿದ್ದಾಗ ಯಾರ ಹತ್ತಿರ ಓಡುತ್ತೆ. ಈ ಮೂರು ಕೇಳಿ. ಓಡಿ ಹೋಗಲು ಯಾರೋ ಇದ್ದಾರೆ ಅಂದರೆ, ಹಚ್ಚಿಕೊಳ್ಳುವುದು ಆ ಮಗುವಿಗೆ ಗೊತ್ತಿದೆ.

ಕಾಯುತ್ತಿರುವ_ಅಮ್ಮ

ಈ ಮೂರನ್ನೂ ಬರೆದಿಟ್ಟುಕೊಂಡೆ. ನೆಂಟರಿಗೂ ಕಳಿಸುತ್ತೇನೆ.

ಹಳೇ_ಮೇಷ್ಟ್ರು

ನಾಲ್ಕು.

ಚಾಮುಂಡಿಬೆಟ್ಟ

ಏನು ನಾಲ್ಕು?

ಹಳೇ_ಮೇಷ್ಟ್ರು

ಜೋಗದ ಸಿರಿ ಕೇಳಿದ್ದಕ್ಕೆ. ಏಳು ಜನರಲ್ಲಿ ನಾಲ್ವರು ಮಾತಾಡುತ್ತೇವೆ. ಉಳಿದವರ ಜಗಳ ಆಸ್ತಿಯದು, ಬರಲಿನದಲ್ಲ.

ಶಿರಸಿ_ಪೇಟೆ

ನನ್ನ ಅನುಭವ ಬೇರೆ. ನಾನು ಬೆಳೆದದ್ದು ಅಜ್ಜನಮನೆಯಲ್ಲಿ. ಅಮ್ಮನಿಗೆ ತುಂಬಾ ವರ್ಷ ಮನಸ್ಸಿನ ಕಾಯಿಲೆ, ಅಪ್ಪ ಊರೂರು ತಿರುಗುವ ಕೆಲಸದಲ್ಲಿ. ಅಜ್ಜಿ ಮುದ್ದು ಮಾಡಿದವಳೇನಲ್ಲ. ಬೈಗುಳವೇ ಜಾಸ್ತಿ. ಆದರೆ ಶಾಲೆಯಿಂದ ಬಂದರೆ ಅಡಿಗೆಮನೆಯಲ್ಲಿ ಇರುತ್ತಿದ್ದಳು. ಇವತ್ತು ಇದ್ದಾಳೋ ಇಲ್ಲವೋ, ಸಿಟ್ಟಿನಲ್ಲಿದ್ದಾಳೋ ಅಂತ ಯೋಚನೆ ಮಾಡಿಕೊಂಡು ಮನೆಗೆ ಬಂದ ನೆನಪೇ ನನಗಿಲ್ಲ. ದೋಸೆ ಇಡುವುದು, 'ಎಷ್ಟು ಹೊತ್ತಾಯ್ತು' ಅಂತ ಬೈಯುವುದು, ಎರಡೂ ನಿತ್ಯ ಇತ್ತು.

ತುಂಗಾತೀರ

ನೀವು ಹೇಳಿದ್ದಕ್ಕೆ ಸರಿಹೊಂದುವ ದೊಡ್ಡ ಅಧ್ಯಯನ ಇದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಟ್ಟಲೆ ಹಿಂಬಾಲಿಸಿದರು. ಕಬ್ಬು, ಅನಾನಸ್ ತೋಟಗಳ ಕೂಲಿ ಮನೆಗಳು ಬಹಳ ಇದ್ದ ದ್ವೀಪ. ಸುಮಾರು 200 ಮಕ್ಕಳ ಸ್ಥಿತಿ ತೀರಾ ಕಷ್ಟದ್ದು. ಬಡತನ, ಕುಡಿತ, ಜಗಳ, ಅಪ್ಪ ಅಮ್ಮನ ಮನೋರೋಗ. ಆದರೂ ಅವರಲ್ಲಿ ಮೂರರಲ್ಲಿ ಒಂದು ಭಾಗ ಧೈರ್ಯ, ಪ್ರೀತಿ ಇರುವ ದೊಡ್ಡವರಾದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು, ನೆಚ್ಚಿಕೊಳ್ಳಬಹುದಾದ ಯಾರೋ ಒಬ್ಬರು. ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು, ಟೀಚರ್.

ನಿದ್ದೆಗೆಟ್ಟವಳು

ಬಂತು ಅಜ್ಜಿ ಕಥೆ. ಎಲ್ಲಿ ಹೋದರೂ ಇದೇ. ನನಗೆ ಯಾರೂ ಇರಲಿಲ್ಲ. ಆರನೇ ವಯಸ್ಸಿಗೆ ಹಾಸ್ಟೆಲ್. ಕಬ್ಬಿಣದ ಟ್ರಂಕಿನ ಕೀಲಿ ಕೊರಳಿಗೆ ದಾರದಲ್ಲಿ ಕಟ್ಟಿಕೊಂಡು ಮಲಗುತ್ತಿದ್ದೆ, ಕಳೆದರೆ ಹೊಡೆಯುತ್ತಿದ್ದರು. ಜ್ವರ ಬಂದರೆ ಮೂಲೆಯ ಹಾಸಿಗೆಗೆ ಹಾಕಿ ಹೋಗುತ್ತಿದ್ದರು. ರಜೆಗೆ ಕರೆಯಲು ಬರುತ್ತಿದ್ದ ಮಾವನಿಗೆ ನನ್ನ ತರಗತಿ ಯಾವುದು ಅಂತಲೂ ಗೊತ್ತಿರಲಿಲ್ಲ. ಅಜ್ಜಿ ಸಿಗದವರು ಏನು ಮಾಡಬೇಕು, ಆ ದ್ವೀಪದವರು ಅದನ್ನು ಹೇಳಿದ್ದಾರಾ?

ತುಂಗಾತೀರ

ಹೇಳಿದ್ದಾರೆ. ಉಳಿದ ಎರಡು ಭಾಗದವರಲ್ಲಿ ತುಂಬಾ ಜನ ಹದಿನೆಂಟರ ಹೊತ್ತಿಗೆ ಹಾದಿ ತಪ್ಪಿದ್ದರು. ಕಳ್ಳತನ, ಚಿಕ್ಕ ವಯಸ್ಸಿನ ಬಸಿರು, ಮನಸ್ಸಿನ ಕಾಯಿಲೆ. ವರ್ನರ್ ಅವರನ್ನು ಮೂವತ್ತರ ಆಚೀಚೆ, ಆಮೇಲೆ ನಲವತ್ತರಲ್ಲಿ ಮತ್ತೆ ಹುಡುಕಿ ಮಾತಾಡಿಸಿದರು. ಅವರಲ್ಲೂ ಹೆಚ್ಚಿನವರು ದಡ ಸೇರಿದ್ದರು. ಕೆಲವರು ನಿಂತುಹೋದ ಓದನ್ನು ಮುಂದುವರಿಸಿದ್ದರು, ಕೆಲವರು ಸೈನ್ಯ ಸೇರಿದ್ದರು, ಕೆಲವರಿಗೆ ಒಳ್ಳೆಯ ಸಂಗಾತಿ ಸಿಕ್ಕಿದ್ದರು, ಕೆಲವರು ಒಂದು ಭಕ್ತರ ಗುಂಪಿಗೆ ಸೇರಿಕೊಂಡಿದ್ದರು. ನನಗೆ ಆ ಅಧ್ಯಯನದಲ್ಲಿ ಅಜ್ಜಿಗಿಂತ ಮುಖ್ಯ ಅನ್ನಿಸುವುದು ಈ ಭಾಗ. ಇದನ್ನು ಯಾರೂ ಪೋಸ್ಟರ್ ಮಾಡುವುದಿಲ್ಲ.

ದಾವಣಗೆರೆ_ಬೆಣ್ಣೆ

ಇನ್ನೊಂದು ಗೊಂದಲ. ಅಣ್ಣನೂ ನಾನೂ ಒಂದೇ ಮನೆಯಲ್ಲಿ ಬೆಳೆದವರು. ಅಣ್ಣ ಅಪ್ಪನ ಹೊಡೆತಗಳನ್ನು ದಿನಾಂಕ ಸಮೇತ ಹೇಳ್ತಾನೆ. ನನಗೆ 'ಹ್ಞಾಂ, ಹೊಡೀತಿದ್ರು' ಅನ್ನುವಷ್ಟೇ. ಅವನು ನರಳುತ್ತಿದ್ದಾನೆ, ನಾನು ಆರಾಮ. ಯಾರ ನೆನಪು ಸರಿ?

ತುಂಗಾತೀರ

ಅಮೆರಿಕದಲ್ಲಿ ಕ್ಯಾಥಿ ವಿಡಮ್ ಅನ್ನುವವರು, 1967 ಮತ್ತು 1971ರ ನಡುವೆ ಕೋರ್ಟಿನಲ್ಲೇ ದಾಖಲಾದ ಮಕ್ಕಳ ಮೇಲಿನ ಹಿಂಸೆಯ ಪ್ರಕರಣಗಳನ್ನು ಹಿಡಿದು, ಆ ಮಕ್ಕಳು ದೊಡ್ಡವರಾದ ಮೇಲೆ ಭೇಟಿ ಮಾಡಿದರು. ಜೊತೆಗೆ ದಾಖಲೆಯಲ್ಲಿ ಇಲ್ಲದವರನ್ನೂ ಹೋಲಿಕೆಗೆ ಇಟ್ಟುಕೊಂಡರು. 2020ರಲ್ಲಿ ಅವರು ಮತ್ತು ಆಂಡ್ರಿಯಾ ಡನೀಸ್ ಆ ಮಾಹಿತಿಯನ್ನು ಮತ್ತೆ ನೋಡಿದರು. ಕೋರ್ಟಿನ ದಾಖಲೆ ಇದ್ದರೂ ದೊಡ್ಡವರಾದ ಮೇಲೆ 'ಹಾಗೇನೂ ಆಗಿಲ್ಲ' ಅಂದವರಲ್ಲಿ ಮನೋರೋಗದ ಅಪಾಯ ಅಷ್ಟೇನೂ ಏರಿರಲಿಲ್ಲ. ಆಯಿತು ಅಂತ ಹೇಳಿಕೊಂಡವರಲ್ಲಿ, ದಾಖಲೆ ಇರಲಿ ಬಿಡಲಿ, ಅಪಾಯ ಜಾಸ್ತಿ ಇತ್ತು.

ಹಳೇ_ಮೇಷ್ಟ್ರು

ನೋಡಿ! ಮರೆತರೆ ಮುಗಿಯಿತು ಅಂತ ನಾನು ಹೇಳಿದ್ದು ಇದನ್ನೇ.

ಕರಿಮಣ್ಣು

ಮೇಷ್ಟ್ರೇ, ಮರೆಯಿರಿ ಅಂದರೆ ಮರೆಯಲಾಗುತ್ತಾ? ಅದೂ ಅಲ್ಲದೆ ಈ ವಾದ ಹೊಡೆದವರಿಗೆ ಬಹಳ ಅನುಕೂಲ. ಏಟು ಕೊಟ್ಟವನದ್ದೇನೂ ತಪ್ಪಿಲ್ಲ, ನೆನಪಿಟ್ಟುಕೊಂಡವನದ್ದೇ ತಪ್ಪು.

ತುಂಗಾತೀರ

ಕರಿಮಣ್ಣು ಹೇಳಿದ್ದು ಸರಿ. ಮಗುವಿಗೆ ಹೊಡೆಯುವುದು ಆ ಕ್ಷಣದಲ್ಲೇ ತಪ್ಪು. ಮುಂದೆ ಅದಕ್ಕೆ ಕಾಯಿಲೆ ಬಂದರೆ ಮಾತ್ರ ತಪ್ಪು ಅಂತಲ್ಲ. ಶಾಲೆಯಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ನಿಷೇಧಿಸಿದೆ. ನಾನು ಆ ಅಧ್ಯಯನದಿಂದ ತೆಗೆದುಕೊಳ್ಳುವುದು ಇಷ್ಟು: ನಡೆದದ್ದನ್ನು ಇವತ್ತು ನಾವು ಹೇಗೆ ಹೊತ್ತುಕೊಂಡಿದ್ದೇವೆ ಅನ್ನುವುದಕ್ಕೂ ಇವತ್ತಿನ ನೋವಿಗೂ ಗಟ್ಟಿ ನಂಟಿದೆ. ನಡೆದದ್ದನ್ನು ಬದಲಾಯಿಸಲು ಆಗುವುದಿಲ್ಲ. ಹೊತ್ತುಕೊಂಡ ರೀತಿ ಬದಲಾಗುವುದನ್ನು ನಾನು ಕೆಲಸದಲ್ಲಿ ನೋಡುತ್ತಲೇ ಇರುತ್ತೇನೆ.

ಬಯಲುಸೀಮೆಯವರ ಮುಖ್ಯ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ. ಏಟು ತಿಂದವರು ಏಟು ಕೊಡುತ್ತಾರೆ ಅನ್ನುವ ಮಾತನ್ನು ಜೋನ್ ಕಾಫ್‌ಮನ್, ಎಡ್ವರ್ಡ್ ಝಿಗ್ಲರ್ 1987ರಲ್ಲಿ ಕೂತು ಪರಿಶೀಲಿಸಿದರು. ಸುಮಾರು ಶೇ 30 ಅಂತ ಅಂದಾಜು ಸಿಕ್ಕಿತು. ಅಂದರೆ ಬಹುಪಾಲು ಜನ ಕೊಡುವುದಿಲ್ಲ. ಇನ್ನೊಂದು, ಲಂಡನ್ನಿನಲ್ಲಿ ಪೀಟರ್ ಫೋನಗಿ ತಂಡ ಬಸುರಿ ಹೆಂಗಸರನ್ನು ಅವರ ಬಾಲ್ಯದ ಬಗ್ಗೆ ಕೇಳಿತು. ಮಗುವಿಗೆ ವರ್ಷ ತುಂಬಿದಾಗ ಅದು ಅಮ್ಮನನ್ನು ಎಷ್ಟು ನೆಚ್ಚಿಕೊಂಡಿದೆ ಅಂತ ನೋಡಿದರು. ಹೆರಿಗೆಗೆ ಮೊದಲೇ ಕೇಳಿದ ಮಾತುಗಳಿಂದ ನೂರಕ್ಕೆ ಸುಮಾರು 75 ಸಲ ಸರಿಯಾಗಿ ಊಹಿಸಲು ಆಯಿತು. ಇದು 1991ರ ಮಾತು. ಅವರು ಗಮನಿಸಿದ್ದು ಬಾಲ್ಯ ಸುಖದ್ದೋ ದುಃಖದ್ದೋ ಅನ್ನುವುದಕ್ಕಿಂತ, ಆ ಕಥೆಯನ್ನು ಆಕೆ ಮುಚ್ಚಿಡದೆ, ಅದರಲ್ಲೇ ಮುಳುಗಿಯೂ ಹೋಗದೆ ಹೇಳಬಲ್ಲಳಾ ಅನ್ನುವುದನ್ನು.

ಚಿಲಕದ ಸದ್ದನ್ನು ನೀವು ಇಲ್ಲಿ ಅಪರಿಚಿತರ ಮುಂದೆ ಎಷ್ಟು ಸ್ಪಷ್ಟವಾಗಿ ಬರೆದಿದ್ದೀರಿ! ಹೆಂಡತಿಗೆ ಹೇಳಿದ್ದೀರಾ?

ಬಯಲುಸೀಮೆಯವ

ಇಲ್ಲ. ಅಪ್ಪ ಕುಡಿಯುತ್ತಿದ್ದರು ಅಂತ ಗೊತ್ತು. ಚಿಲಕ ಗೊತ್ತಿಲ್ಲ. ನಾನು ಮಾತು ಬಿಟ್ಟು ಕೂತಾಗ ಅದು ತನ್ನ ಮೇಲಿನ ಕೋಪ ಅಂತಲೇ ಅವಳು ಅಂದುಕೊಂಡಿದ್ದಾಳೆ.

ಜೋಗದ_ಸಿರಿ

ಹಾಗಾದರೆ ಈ ಚರ್ಚೆಯನ್ನೇ ಓದಲು ಕೊಡಿ. ಬಾಯಲ್ಲಿ ಹೇಳುವುದಕ್ಕಿಂತ ಸುಲಭ. ನಮ್ಮ ಮನೆಯವರು ನನಗೆ ಕಷ್ಟದ ವಿಷಯ ಹೇಳುವುದು ಯಾವಾಗಲೂ ಮೆಸೇಜಿನಲ್ಲೇ, ಪಕ್ಕದ ರೂಮಿನಿಂದ.

ಬಯಲುಸೀಮೆಯವ

ಇವತ್ತು ರಾತ್ರಿ ತೋರಿಸುತ್ತೇನೆ. ಜೊತೆಗೆ ಯಾರನ್ನಾದರೂ ಹೋಗಿ ಕಾಣಬೇಕು ಅಂತಲೂ ಇದೆ. ಎಲ್ಲಿಗೆ ಹೋಗಬೇಕು?

ತುಂಗಾತೀರ

ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದಿನದ 24 ಗಂಟೆಯೂ ಇರುತ್ತೆ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನಲ್ಲೇ ಇದ್ದರೆ ನಿಮ್ಹಾನ್ಸ್‌ನವರ ಒಂದು ಕೇಂದ್ರ ಬಿಟಿಎಂ ಲೇಔಟಿನಲ್ಲಿದೆ. ದೊಡ್ಡ ಆಸ್ಪತ್ರೆಗೆ ಹೋಗಲು ಮುಜುಗರ ಅನ್ನುವವರಿಗೆ ಅದು ಸಲೀಸು. ಪದೇ ಪದೇ ಸಾಯುವ ಯೋಚನೆ ಬರುತ್ತಿದ್ದರೆ ಮಾತ್ರ ಕಾಯಬೇಡಿ, ಇದನ್ನು ಓದುತ್ತಿರುವ ಎಲ್ಲರಿಗೂ ಹೇಳುತ್ತಿದ್ದೇನೆ. ಆಗಲೇ ಫೋನ್ ಮಾಡಿ, ಇಲ್ಲ ಹತ್ತಿರದ ಆಸ್ಪತ್ರೆಗೆ ಹೋಗಿ.

ನಿದ್ದೆಗೆಟ್ಟವಳು

ನಾನು ಬೆಂಗಳೂರಿನವಳಲ್ಲ. ತಾಲ್ಲೂಕು ಊರು. ಫೋನಿನಲ್ಲಿ ಮಾತಾಡಿದರೆ ಮನೆಯಲ್ಲಿ ಎಲ್ಲರಿಗೂ ಕೇಳಿಸುತ್ತೆ.

ತುಂಗಾತೀರ

ತಾಲ್ಲೂಕು ಆಸ್ಪತ್ರೆಗೆ ಹೋಗಿ. ಮನೋಚೈತನ್ಯ ಅಂತ ಸರ್ಕಾರದ ಯೋಜನೆ ಇದೆ. ಮಂಗಳವಾರ ಮನೋವೈದ್ಯರು ಅಲ್ಲಿಗೇ ಬರುತ್ತಾರೆ. ಕೆಲವು ಕಡೆ ದಿನ ಬದಲಾಗಿರಬಹುದು, ಹೋಗುವ ಮೊದಲು ಕೇಳಿಕೊಳ್ಳಿ.

ನಿದ್ದೆಗೆಟ್ಟವಳು

ಹೋಗಿ ಏನಂತ ಹೇಳಲಿ? ಹಾಸ್ಟೆಲಿನಿಂದ ಶುರು ಮಾಡಿದರೆ ಹಿಂದೆ ನಿಂತ ಸಾಲು ಬಾಗಿಲವರೆಗೆ ಬರುತ್ತೆ.

ತುಂಗಾತೀರ

ಹಾಸ್ಟೆಲ್ ಆಮೇಲೆ. ಮೊದಲ ದಿನ ರಾತ್ರಿ ನಿದ್ದೆ ಬರುತ್ತಿಲ್ಲ ಅಂತ ಹೇಳಿ ಸಾಕು. ಎಷ್ಟು ದಿನದಿಂದ ಅಂತ ಅವರೇ ಕೇಳುತ್ತಾರೆ.